ಕೀನ್ಯಾ ಪರ್ವತ ಕಂಡ ಪಾದ್ರಿ: ಡಾ. ಲುಡ್ವಿಗ್ ಕ್ರಾಫ್ (1810–1881)



ಕಿಟ್ಟೆಲ್ ಅವರ ಹೆಸರು ಕೇಳದ ಕನ್ನಡಿಗರು ಕಡಿಮೆ. 1853ರಲ್ಲಿ ಬಾಸೆಲ್ ಮಿಷನ್ ಪಾದ್ರಿಯಾಗಿ ಕರ್ನಾಟಕಕ್ಕೆ ಬಂದು, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಬಾಳಿ, 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ನಮ್ಮ ಕೈಗಿಟ್ಟವರು ಅವರು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಆದರೆ ನಾವು ಈಗ ವಾಸವಾಗಿರುವ ಕೀನ್ಯಾ ದೇಶಕ್ಕೂ ಅಂಥದೇ ಒಬ್ಬ ಪಾದ್ರಿ ಬಂದಿದ್ದರು, ಅವರೂ ಅದೇ ಬಾಸೆಲ್ ಶಾಲೆಯಲ್ಲಿ ಓದಿದವರು, ಅವರೂ ಇಲ್ಲಿನ ಭಾಷೆಗೆ ಒಂದು ನಿಘಂಟು ಬರೆದವರು ಎಂಬ ಸಂಗತಿ ನಮ್ಮಲ್ಲಿ ಬಹಳ ಜನರಿಗೆ ತಿಳಿದಿರಲಿಕ್ಕಿಲ್ಲ.

ಅವರೇ ಡಾ. ಯೋಹಾನ್ ಲುಡ್ವಿಗ್ ಕ್ರಾಫ್. ನೈರೋಬಿಯ ರಿವರ್‌ಸೈಡ್ ಡ್ರೈವ್‌ನಲ್ಲಿ ಜರ್ಮನ್ ರಾಯಭಾರ ಕಚೇರಿಯಿರುವ ಕಟ್ಟಡಕ್ಕೆ ಇವರ ಹೆಸರಿದೆ. ವೀಸಾ ಕೆಲಸಕ್ಕೆಂದು ಅಲ್ಲಿಗೆ ಹೋಗಿಬಂದ ನಮ್ಮವರು ಬೋರ್ಡ್ ಓದಿರುತ್ತಾರೆ, ಆದರೆ ಯಾರೀ ಕ್ರಾಫ್ ಎಂದು ಯೋಚಿಸಿರಲಾರರು. ಈ ದೇಶಕ್ಕೆ ಹೆಸರು ಬಂದದ್ದರಲ್ಲಿ ಅವರ ಪಾತ್ರವಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಸ್ವಾಹಿಲಿಯನ್ನು ಎ, ಬಿ, ಸಿ ಅಕ್ಷರಗಳಲ್ಲಿ ಬರೆಯುವುದರಲ್ಲೂ ಅವರ ಪಾತ್ರವಿದೆ. ಇದಕ್ಕೆಲ್ಲ ಅವರು ತೆತ್ತ ಬೆಲೆ ದೊಡ್ಡದು. ಅವರ ಜೀವನವನ್ನು ನಮ್ಮ ಓದುಗರ ಮುಂದಿಡುವ ಸಣ್ಣ ಪ್ರಯತ್ನ ಇದು.

ರೈತನ ಮಗ

ಕ್ರಾಫ್ ಹುಟ್ಟಿದ್ದು 1810ರ ಜನವರಿ 11ರಂದು, ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಡೆರೆಂಡಿಂಗೆನ್ ಎಂಬ ಹಳ್ಳಿಯಲ್ಲಿ. ಇದು ಟ್ಯೂಬಿಂಗೆನ್ ನಗರಕ್ಕೆ ತಾಗಿಕೊಂಡ ಊರು. ನಮ್ಮ ಕಿಟ್ಟೆಲ್ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು ಇದೇ ಟ್ಯೂಬಿಂಗೆನ್‌ನಲ್ಲಿ. ಸ್ವಾಹಿಲಿ ನಿಘಂಟುಕಾರ ಹುಟ್ಟಿದ ಜಾಗಕ್ಕೂ ಕನ್ನಡ ನಿಘಂಟುಕಾರ ಕಣ್ಣು ಮುಚ್ಚಿದ ಜಾಗಕ್ಕೂ ನಡೆದು ಹೋಗುವಷ್ಟೇ ದೂರ!

ಮನೆಯವರು ಒಕ್ಕಲುತನದವರು, ದೇವರಲ್ಲಿ ಶ್ರದ್ಧೆಯುಳ್ಳವರು. ಹುಡುಗ ಹನ್ನೊಂದು ವರ್ಷದವನಿದ್ದಾಗ, ತಾನು ಮಾಡದ ತಪ್ಪಿಗೆ ನೆರೆಯವನೊಬ್ಬನಿಂದ ಬಲವಾದ ಏಟು ತಿಂದು ಆರು ತಿಂಗಳು ಹಾಸಿಗೆ ಹಿಡಿದ. ಮಲಗಿದಲ್ಲೇ ಬೈಬಲ್ ಓದಲು ತೊಡಗಿದ. ಓದಿನ ಕಡೆಗೆ ಅವನ ಮನಸ್ಸು ತಿರುಗಿದ್ದು ಅಲ್ಲಿಂದ. ಮುಂದೆ ಟ್ಯೂಬಿಂಗೆನ್‌ನ ಲ್ಯಾಟಿನ್ ಶಾಲೆಗೆ ಸೇರಿ, ದಿನಾ ನಡೆದುಕೊಂಡೇ ಹೋಗಿ ಬಂದ. ಭಾಷೆಗಳು ಅವನಿಗೆ ಬೇಗ ಒಲಿಯುತ್ತಿದ್ದವು.

ಶಾಲೆಯ ದಿನಗಳಲ್ಲಿ ಅವನ ಕೈಗೆ ಒಂದು ಭೂಪಟ ಸಿಕ್ಕಿತು. ಅದರಲ್ಲಿ ಪೂರ್ವ ಆಫ್ರಿಕದ ಸೋಮಾಲಿ ಸೀಮೆಯ ಕಡೆ ಊರುಗಳ ಹೆಸರೇ ಇರಲಿಲ್ಲ, ಎಲ್ಲ ಬರೀ ಖಾಲಿ. ಅಲ್ಲಿ ಕತ್ತೆಕಿರುಬಗಳೇ ತುಂಬಿರಬಹುದೇ ಎಂದು ಹುಡುಗ ಬೆರಗಾಗಿದ್ದನ್ನು ಮುಂದೆ ಅವರೇ ತಮ್ಮ ಪ್ರವಾಸ ಗ್ರಂಥದಲ್ಲಿ ನೆನೆದಿದ್ದಾರೆ. ಖಾಲಿಯಾಗಿದ್ದದ್ದು ಯುರೋಪಿಯನ್ನರ ಭೂಪಟ ಮಾತ್ರ. ಅಲ್ಲಿ ಜನರಿದ್ದರು, ಊರುಗಳಿದ್ದವು, ವ್ಯಾಪಾರವಿತ್ತು, ಕಾವ್ಯವೂ ಇತ್ತು. ಅದು ಅವರಿಗೆ ತಿಳಿಯಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು.

1827ರಲ್ಲಿ ಕ್ರಾಫ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಶಾಲೆ ಸೇರಿದರು. ಎರಡು ವರ್ಷಗಳಲ್ಲೇ, ತಾನು ಈ ಕೆಲಸಕ್ಕೆ ಯೋಗ್ಯನೇ ಎಂಬ ಸಂದೇಹ ಹುಟ್ಟಿ ಊರಿಗೆ ಮರಳಿದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಓದಿ 1834ರಲ್ಲಿ ಮುಗಿಸಿದರು. ಮಂಗಳೂರಿನಲ್ಲಿ 1843ರಲ್ಲಿ ಮೊದಲ ಕನ್ನಡ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್, ಮಲಯಾಳಂ ನಿಘಂಟು ಬರೆದ ಹರ್ಮನ್ ಗುಂಡರ್ಟ್ ಇವರೂ ಸರಿಸುಮಾರು ಅದೇ ವರ್ಷಗಳಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಓದಿದವರು. 1834ರಲ್ಲೇ ಬಾಸೆಲ್‌ನ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಕ್ರಾಫ್ ಅವರನ್ನು ವಿಧಿ ಅರಬ್ಬೀ ಸಮುದ್ರದ ಈ ದಡಕ್ಕೆ ಕಳಿಸಿತು.

ಆಗ ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಗೆ ಹೊರದೇಶಕ್ಕೆ ಹೋಗಲು ಸಿದ್ಧರಿರುವ ಜನ ಸಾಲುತ್ತಿರಲಿಲ್ಲ. ಬಾಸೆಲ್‌ನಲ್ಲಿ ತರಬೇತಾದವರನ್ನು ಅವರು ತೆಗೆದುಕೊಳ್ಳುತ್ತಿದ್ದರು. ಹೀಗೆ 1837ರಲ್ಲಿ ಕ್ರಾಫ್ ಇಥಿಯೋಪಿಯಾಕ್ಕೆ ಹೊರಟರು. ಉತ್ತರದ ಆಡ್ವಾದಿಂದ ಒಂದೇ ವರ್ಷದಲ್ಲಿ ಹೊರಹಾಕಿಸಿಕೊಂಡು, 1839ರಿಂದ 1842ರವರೆಗೆ ಶೋವಾ ರಾಜ್ಯದ ದೊರೆ ಸಾಹ್ಲೆ ಸೆಲಾಸಿಯ ಆಶ್ರಯದಲ್ಲಿದ್ದರು. ಅಮ್ಹಾರಿಕ್ ಮತ್ತು ಒರೊಮೊ ಭಾಷೆಗಳನ್ನು ಕಲಿತರು. ಅಲ್ಲಿನ ಹಳೆಯ ಹಸ್ತಪ್ರತಿಗಳನ್ನು ಸಂಗ್ರಹಿಸಿ ಟ್ಯೂಬಿಂಗೆನ್‌ಗೆ ಕಳಿಸಿದರು. ಆ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟು ಗೌರವಿಸಿತು.

ಎರಡು ತೊಟ್ಟಿಲು, ಒಂದು ಸಮಾಧಿ

1842ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕ್ರಾಫ್ ಅವರ ಮದುವೆಯಾಯಿತು. ಹೆಂಡತಿಯ ಹೆಸರು ರೋಸಿನಾ ಡೀಟ್ರಿಷ್. ಮರುವರ್ಷವೇ ಇಬ್ಬರೂ ಕೆಂಪು ಸಮುದ್ರದ ದಾರಿಯಾಗಿ ಇಥಿಯೋಪಿಯಾಕ್ಕೆ ಮರಳಲು ನೋಡಿದರು. ಒಳಗೆ ಬಿಡಲಿಲ್ಲ. ಆ ಪ್ರಯಾಣದಲ್ಲಿ, ಊರಿಲ್ಲದ ಕಾಡುದಾರಿಯಲ್ಲಿ ರೋಸಿನಾ ಅವರಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಹುಟ್ಟಿದ ಸ್ವಲ್ಪ ಹೊತ್ತಿಗೇ ಅದು ತೀರಿಕೊಂಡಿತು. ಆ ಕೂಸಿಗೆ ಇಟ್ಟ ಹೆಸರು ‘ಎನೆಬಾ’. ಅಮ್ಹಾರಿಕ್ ಭಾಷೆಯಲ್ಲಿ ಹಾಗೆಂದರೆ ಕಣ್ಣೀರು.

ಇಥಿಯೋಪಿಯಾದ ಬಾಗಿಲು ಮುಚ್ಚಿತೆಂದು ಖಚಿತವಾದ ಮೇಲೆ ದಕ್ಷಿಣಕ್ಕೆ ಹೋಗಿ, ಕಡಲತೀರದಿಂದ ಒಳನಾಡಿಗೆ ದಾರಿ ಹುಡುಕುವುದೆಂದು ನಿಶ್ಚಯಿಸಿದರು. ಏಡನ್‌ನಿಂದ ಅರಬ್ಬರ ಹಾಯಿದೋಣಿಯಲ್ಲಿ ಹೊರಟು 1844ರ ಜನವರಿಯಲ್ಲಿ ಜಾಂಜಿಬಾರ್ ತಲುಪಿದರು. ಆಗ ಈ ತೀರವೆಲ್ಲ ಒಮಾನಿನ ಸುಲ್ತಾನ್ ಸಯ್ಯಿದ್ ಸಯೀದ್ ಅವರ ಆಳ್ವಿಕೆಯಲ್ಲಿತ್ತು. ಮುಸ್ಲಿಂ ದೊರೆಯಾದ ಅವರು ಈ ಕ್ರೈಸ್ತ ಪಾದ್ರಿಗೆ ತೊಂದರೆ ಕೊಡಬಾರದೆಂದು ತಮ್ಮ ಅಧಿಕಾರಿಗಳಿಗೆ ಪತ್ರ ಬರೆದು ಕೊಟ್ಟರು. ಅದನ್ನು ಹಿಡಿದು ದಂಪತಿಗಳು ಮೊಂಬಾಸಾಕ್ಕೆ ಬಂದು ಮನೆ ಹೂಡಿದರು. ಕಚ್ಛ್ ಮತ್ತು ಗುಜರಾತಿನ ವ್ಯಾಪಾರಿಗಳು ಆಗಲೇ ಮೊಂಬಾಸಾದಲ್ಲಿದ್ದರು. ರೈಲು ಇನ್ನೂ ಅರ್ಧ ಶತಮಾನ ದೂರವಿತ್ತು. ನೈರೋಬಿ ನಗರವಂತೂ ಇರಲೇ ಇಲ್ಲ; ಇದು ಮಸಾಯಿಗಳು ದನಗಳಿಗೆ ನೀರು ಕುಡಿಸುವ ತಂಪಾದ ಹೊಳೆಯ ಜಾಗವಾಗಿತ್ತು ಅಷ್ಟೇ.

ಮೊಂಬಾಸಾಕ್ಕೆ ಬಂದು ಕೆಲವೇ ವಾರಗಳಾಗಿದ್ದವು. ರೋಸಿನಾ ಮತ್ತೆ ತುಂಬು ಗರ್ಭಿಣಿ. ಜುಲೈ ಮೊದಲ ವಾರ ಗಂಡ ಹೆಂಡತಿ ಇಬ್ಬರಿಗೂ ಜ್ವರ ಹಿಡಿಯಿತು. ಮಲೇರಿಯಾ ಹೇಗೆ ಬರುತ್ತದೆಂದು ಆಗ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೊಳ್ಳೆಯಿಂದ ಎಂದು ಸಿದ್ಧವಾದದ್ದು 1890ರ ದಶಕದ ಕೊನೆಗೆ, ಭಾರತದಲ್ಲಿ ರೊನಾಲ್ಡ್ ರಾಸ್ ಅವರ ಕೆಲಸದಿಂದ. ಜುಲೈ 6ರಂದು ಹೆಣ್ಣು ಮಗು ಹುಟ್ಟಿತು. ಜುಲೈ 13ರಂದು ರೋಸಿನಾ ಕಣ್ಣು ಮುಚ್ಚಿದರು. ಎದ್ದು ನಿಲ್ಲಲೂ ಶಕ್ತಿಯಿಲ್ಲದ ಪತಿ ಪಕ್ಕದಲ್ಲೇ ಜ್ವರದಲ್ಲಿ ಮಲಗಿದ್ದರು. ಒಂದೆರಡು ದಿನಗಳಲ್ಲಿ ಕೂಸೂ ತಾಯಿಯ ಹಿಂದೆಯೇ ಹೋಯಿತು.

ತನ್ನನ್ನು ಮೊಂಬಾಸಾ ದ್ವೀಪದಲ್ಲಿ ಹೂಳಬೇಡಿ, ಎದುರಿನ ದೊಡ್ಡ ನೆಲದಲ್ಲಿ, ಹಳ್ಳಿಯ ಜನ ಓಡಾಡುವ ದಾರಿಯ ಹತ್ತಿರ ಹೂಳಿ ಎಂಬುದು ರೋಸಿನಾ ಅವರ ಕೊನೆಯ ಆಸೆಯಾಗಿತ್ತು. ದಾರಿಹೋಕರು ಸಮಾಧಿ ನೋಡಿ, ಇವರು ಯಾಕೆ ಇಷ್ಟು ದೂರ ಬಂದರು ಎಂದು ಕೇಳಲಿ ಎಂಬ ಇಚ್ಛೆ. ಹಾಗೆಯೇ ಮಾಡಿದರು. ಇಂದು ನ್ಯಾಲಿ ಎಂದು ನಾವು ಕರೆಯುವ ಪ್ರದೇಶದಲ್ಲಿ, ಕೊಲ್ಲಿಯ ಆಚೆ, ತಾಯಿ ಮಗುವಿನ ಆ ಸಮಾಧಿ ಇದೆ. ಕ್ರಾಫ್ ಲಂಡನ್ನಿಗೆ ಪತ್ರ ಬರೆದು, ಪೂರ್ವ ಆಫ್ರಿಕದ ತೀರದಲ್ಲಿ ನಿಮಗೆ ಸೇರಿದ ಒಂದು ಸಮಾಧಿ ಇದೆ, ಕೆಲಸ ಶುರುವಾಗಿದೆ ಎಂದೇ ಇದನ್ನು ತಿಳಿಯಿರಿ ಎಂಬ ಅರ್ಥದ ಮಾತು ತಿಳಿಸಿದರು. ಎರಡು ವರ್ಷದ ಸಂಸಾರ, ಎರಡು ಮಕ್ಕಳು, ಎಲ್ಲ ಮುಗಿದಿತ್ತು. ಅವರಿಗಾಗ ವಯಸ್ಸು ಮೂವತ್ನಾಲ್ಕು.

ಇಲ್ಲಿ ಕಿಟ್ಟೆಲ್ ಅವರ ನೆನಪಾಗದಿರದು. ಅವರ ಮೊದಲ ಪತ್ನಿ ಪೌಲೀನ ಅವರೂ ಮದುವೆಯಾಗಿ ನಾಲ್ಕೇ ವರ್ಷಕ್ಕೆ, 1864ರಲ್ಲಿ, ಮಂಗಳೂರಿನಲ್ಲಿ ತೀರಿಕೊಂಡರು. ಗ್ರಂಥಾಲಯದಲ್ಲಿ ಇಂಥ ನಿಘಂಟುಗಳನ್ನು ತೆರೆದಾಗ ಮುಖಪುಟದಲ್ಲಿ ಒಬ್ಬರ ಹೆಸರಷ್ಟೇ ಕಾಣುತ್ತದೆ. ಅದರ ಹಿಂದೆ ಎಷ್ಟು ಜನರ ಬಾಳು ಸಂದಿದೆ ಎಂಬುದು ಕಾಣುವುದಿಲ್ಲ.

ಮಾತುಗಳ ಲೆಕ್ಕ

ಹೆಂಡತಿಯ ಸಾವಿಗೆ ಒಂದು ತಿಂಗಳು ಮುಂಚೆ, 1844ರ ಜೂನ್ 8ರಂದು, ಕ್ರಾಫ್ ಬೈಬಲಿನ ಮೊದಲ ಪುಸ್ತಕವನ್ನು ಸ್ವಾಹಿಲಿಗೆ ಅನುವಾದಿಸಲು ತೊಡಗಿದ್ದರು. ಅವರಿಗೆ ಈ ಕೆಲಸದಲ್ಲಿ ನೆರವಾದವರು ಮೊಂಬಾಸಾದ ಖಾಜಿಗಳು, ಅಂದರೆ ಮುಸ್ಲಿಂ ನ್ಯಾಯಾಧೀಶರು. ಒಬ್ಬ ಪಾದ್ರಿ, ಒಬ್ಬ ಖಾಜಿ ಒಟ್ಟಿಗೆ ಕೂತು ಒಂದು ಭಾಷೆಯ ಪದಗಳನ್ನು ತೂಗಿ ನೋಡಿದ್ದು ಇಲ್ಲಿನ ಇತಿಹಾಸದಲ್ಲಿ ನೆನಪಿಡಬೇಕಾದ ಸಂಗತಿ. ಜ್ವರ ಬಿಟ್ಟು ಎದ್ದ ಮೇಲೆ ಕ್ರಾಫ್ ಹಿಡಿದದ್ದು ಮತ್ತೆ ಅದೇ ಕೆಲಸವನ್ನು. ನಿಘಂಟು, ವ್ಯಾಕರಣ, ಅನುವಾದ ಮೂರನ್ನೂ ಒಟ್ಟೊಟ್ಟಿಗೆ ನಡೆಸಿದರು.

ಸ್ವಾಹಿಲಿಗೆ ಬರವಣಿಗೆ ಇರಲಿಲ್ಲವೆಂದು ತಿಳಿಯಬಾರದು. ಶತಮಾನಗಳಿಂದ ಅದನ್ನು ಅರಬ್ಬೀ ಲಿಪಿಯಲ್ಲಿ ಬರೆಯುತ್ತಿದ್ದರು, ಅದರಲ್ಲಿ ದೊಡ್ಡ ಕಾವ್ಯಗಳೂ ಇದ್ದವು. ಕ್ರಾಫ್ ಅಂಥ ಹಳೆಯ ಕಾವ್ಯಗಳ ಹಸ್ತಪ್ರತಿಗಳನ್ನು ಜರ್ಮನಿಯ ಪೌರ್ವಾತ್ಯ ವಿದ್ವಾಂಸರ ಸಂಘಕ್ಕೆ 1854ರಲ್ಲಿ ಕಳಿಸಿಕೊಟ್ಟರು. ಕಿಟ್ಟೆಲ್ ಅವರು ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದ ಹಾಗೆ, ಇವರೂ ಹಳೆಯದನ್ನು ಕಳೆದುಹೋಗದಂತೆ ನೋಡಿಕೊಂಡರು. ತಮ್ಮ ಬರವಣಿಗೆಗೆ ಮಾತ್ರ ಅವರು ರೋಮನ್ ಲಿಪಿಯನ್ನು ಆರಿಸಿಕೊಂಡರು. ನಂತರ ಬಂದವರೂ ಅದೇ ದಾರಿ ಹಿಡಿದರು. ಇಂದು ಮಟಾಟುವಿನ ಮೇಲೆ, ಪತ್ರಿಕೆಯಲ್ಲಿ, ಎಂಪೆಸಾ ಸಂದೇಶದಲ್ಲಿ ನಾವು ಓದುವ ಸ್ವಾಹಿಲಿ ಇದೇ ಲಿಪಿಯಲ್ಲಿದೆ.

ನಿಘಂಟು ಮಾಡುವುದು ಎಷ್ಟು ಕಷ್ಟ ಎಂಬುದು ನಮ್ಮ ಸಾಫ್ಟ್‌ವೇರ್ ಮಿತ್ರರಿಗೆ ಬೇಗ ಅರ್ಥವಾದೀತು. ಕನ್ನಡದಲ್ಲಿ ಪದದ ಬಾಲ ಬದಲಾಗುತ್ತದೆ: ಮನೆ, ಮನೆಗಳು, ಮನೆಯಲ್ಲಿ. ತಲೆ ಹಾಗೆಯೇ ಇರುವುದರಿಂದ ಅಕಾರಾದಿಯಲ್ಲಿ ‘ಮ’ ಅಕ್ಷರದ ಕೆಳಗೆ ಹುಡುಕಿದರೆ ಸಿಗುತ್ತದೆ. ಸ್ವಾಹಿಲಿಯಲ್ಲಿ ಬದಲಾಗುವುದು ತಲೆ! ‘ಮ್ತು’ ಎಂದರೆ ಒಬ್ಬ ಮನುಷ್ಯ, ‘ವಾತು’ ಎಂದರೆ ಹಲವರು. ‘ಸೋಮಾ’ ಎಂದರೆ ಓದು. ‘ನಿನಾಸೋಮಾ’ ಎಂದರೆ ನಾನು ಓದುತ್ತಿದ್ದೇನೆ. ಕೇಳಿದ ಮಾತನ್ನು ಕೇಳಿದ ಹಾಗೆ ಬರೆದುಕೊಂಡರೆ ಒಂದೇ ಪದ ಹತ್ತು ಕಡೆ ಚೆದುರಿ ಹೋಗುತ್ತದೆ. ಮೊದಲು ಮೂಲ ಯಾವುದು, ಮುಂದೆ ಅಂಟಿಕೊಂಡದ್ದು ಯಾವುದು ಎಂದು ಬಿಡಿಸಬೇಕು, ಆಮೇಲೆ ಪಟ್ಟಿ ಮಾಡಬೇಕು. ಕಂಪ್ಯೂಟರ್ ಇಲ್ಲ, ಮುಂಚಿನವರ ಮುದ್ರಿತ ವ್ಯಾಕರಣವಿಲ್ಲ, ಬ್ಯಾಕಪ್ ಎಂಬುದಂತೂ ಇಲ್ಲವೇ ಇಲ್ಲ. ಎಲ್ಲವೂ ಕಾಗದ, ಶಾಯಿ, ಮತ್ತು ಜ್ವರದ ನಡುವೆ ಸಿಕ್ಕಿದ ಒಳ್ಳೆಯ ದಿನಗಳು.

ಇದರ ಫಲವಾಗಿ 1850ರಲ್ಲಿ ಸ್ವಾಹಿಲಿ ವ್ಯಾಕರಣದ ರೂಪುರೇಖೆ ಟ್ಯೂಬಿಂಗೆನ್‌ನಲ್ಲಿ ಅಚ್ಚಾಯಿತು. ಅದೇ ವರ್ಷ ಆರು ಪೂರ್ವ ಆಫ್ರಿಕನ್ ಭಾಷೆಗಳ ಪದಪಟ್ಟಿಯೂ ಹೊರಬಂತು. ಸ್ವಾಹಿಲಿ, ನಿಕಾ, ಕಾಂಬಾ, ಪೊಕೊಮೊ, ಯಾವೋ, ಒರೊಮೊ ಭಾಷೆಗಳ ಪದಗಳು ಅದರಲ್ಲಿ ಪಕ್ಕಪಕ್ಕದಲ್ಲಿ ನಿಂತವು.

ಈ ಪದಗಳಲ್ಲಿ ನಮ್ಮ ಕನ್ನಡದ ನೆಂಟರೂ ಇದ್ದಾರೆ. ಬಂದರು ಇಲ್ಲಿ ‘ಬಂದಾರಿ’, ಪೈಸೆ ‘ಪೆಸಾ’, ಗಾಡಿ ‘ಗಾರಿ’, ರಂಗು ‘ರಂಗಿ’. ಅರಬ್ಬಿಯ ಕಿತಾಬು ಇಲ್ಲಿಗೆ ಬಂದು ‘ಕಿತಾಬು’ ಆಗಿಯೇ ಉಳಿಯಿತು, ಆದರೆ ಒಂದಕ್ಕಿಂತ ಹೆಚ್ಚು ಪುಸ್ತಕಗಳಾದರೆ ‘ವಿತಾಬು’! ಹೊರಗಿನ ಪದವನ್ನು ಸ್ವಾಹಿಲಿ ತನ್ನ ನಿಯಮಕ್ಕೆ ಹೇಗೆ ಬಗ್ಗಿಸಿಕೊಂಡಿತು ನೋಡಿ. ನಮ್ಮ ಕನ್ನಡ ‘ಬಸ್ಸು’, ‘ಕಾರು’ ಎಂದು ಕೊನೆಗೊಂದು ‘ಉ’ ಸೇರಿಸಿಕೊಂಡ ಹಾಗೆಯೇ.

ಹಿಮದ ಬೆಟ್ಟ

1846ರ ಜೂನ್‌ನಲ್ಲಿ ಕ್ರಾಫ್ ಅವರಿಗೆ ಒಬ್ಬ ಜೊತೆಗಾರ ಸಿಕ್ಕರು. ಯೋಹಾನೆಸ್ ರೆಬ್ಮನ್, ಅವರೂ ವ್ಯುರ್ಟೆಂಬರ್ಗಿನವರು, ಅವರೂ ಬಾಸೆಲ್‌ನಲ್ಲಿ ಕಲಿತವರು. ಅದೇ ಆಗಸ್ಟಿನಲ್ಲಿ ಇಬ್ಬರೂ ಮೊಂಬಾಸಾದ ಹಿಂದಿನ ಗುಡ್ಡದ ಮೇಲಿರುವ ರಬಾಯಿ ಗ್ರಾಮಕ್ಕೆ ನೆಲೆ ಬದಲಿಸಿದರು. ಇಬ್ಬರಿಗೂ ಆಗಿನ್ನೂ ಜ್ವರ ಸರಿಯಾಗಿ ಬಿಟ್ಟಿರಲಿಲ್ಲ. ಹಳ್ಳಿಯ ಹಿರಿಯರು ಅವರನ್ನು ಬರಮಾಡಿಕೊಂಡು ಜಾಗ ಕೊಟ್ಟರು. ಕೀನ್ಯಾದ ಒಳನಾಡಿನ ಮೊದಲ ಕ್ರೈಸ್ತ ಮಿಷನ್ ಕೇಂದ್ರ ಶುರುವಾದದ್ದು ಹೀಗೆ.

1848ರ ಮೇ 11ರಂದು ರೆಬ್ಮನ್ ಅವರಿಗೆ ಕಿಲಿಮಂಜಾರೋ ಕಾಣಿಸಿತು. ತುದಿಯ ಬಿಳುಪು ಏನೆಂದು ದಾರಿ ತೋರಿಸುವವನನ್ನು ಕೇಳಿದರೆ, ಅದು ಚಳಿ ಎಂದನಂತೆ. ಮರುವರ್ಷ ಕ್ರಾಫ್ ಉಕಂಬಾನಿ ಸೀಮೆಗೆ ಹೋದರು. ಅಲ್ಲಿ ಕಿತುಯಿಯಲ್ಲಿ ಕಿವೋಯಿ ಎಂಬ ಹೆಸರಾಂತ ಕಾಂಬಾ ವ್ಯಾಪಾರಿ ಮುಖಂಡರ ಅತಿಥಿಯಾಗಿ ಉಳಿದರು. ದೂರದಲ್ಲೊಂದು ಹಿಮ ಹೊದ್ದ ಬೆಟ್ಟವಿದೆ ಎಂದು ಹೇಳಿದ್ದು ಕಿವೋಯಿಯೇ. ದಿನಗಟ್ಟಲೆ ಮೋಡ ಮುಸುಕಿತ್ತು. 1849ರ ಡಿಸೆಂಬರ್ 3ರಂದು ಮೋಡ ಸರಿದು, ಕಪ್ಪು ಬಂಡೆಯ ಎರಡು ಕೊಂಬುಗಳ ಬೆಟ್ಟ ಕಾಣಿಸಿತು. ಕಾಂಬಾ ಜನ ಅದನ್ನು ಕರೆಯುತ್ತಿದ್ದ ಹೆಸರನ್ನು ಕ್ರಾಫ್ ತಮ್ಮ ಕಿವಿಗೆ ಬಿದ್ದಂತೆ ‘ಕೆನಿಯಾ’ ಎಂದು ಬರೆದುಕೊಂಡರು. ಕಪ್ಪು ಬಂಡೆಯ ಮೇಲಿನ ಬಿಳಿ ಹಿಮ ಗಂಡು ಉಷ್ಟ್ರಪಕ್ಷಿಯ ಗರಿಗಳಂತೆ ಕಾಣುವುದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ಕಿಕುಯು ಜನರಿಗೆ ಅದು ಕಿರಿನ್ಯಾಗಾ, ದೇವರ ನೆಲೆ. 1920ರಲ್ಲಿ ಬ್ರಿಟಿಷರು ಇಡೀ ವಸಾಹತಿಗೆ ಕೀನ್ಯಾ ಎಂದು ಹೆಸರಿಟ್ಟರು. 1963ರ ಡಿಸೆಂಬರ್ 12ರಂದು ಸ್ವತಂತ್ರವಾದ ದೇಶವೂ ಅದೇ ಹೆಸರು ಉಳಿಸಿಕೊಂಡಿತು.

ಬೆಟ್ಟವನ್ನು ಅವರು ಕಂಡುಹಿಡಿದರು ಎನ್ನುವುದು ಸರಿಯಲ್ಲ. ಅದರ ಬುಡದಲ್ಲೇ ಜನ ತಲತಲಾಂತರದಿಂದ ಬಾಳುತ್ತಿದ್ದರು. ಯುರೋಪಿನವರಲ್ಲಿ ಅದನ್ನು ಮೊದಲು ಕಂಡು ಬರೆದವರು ಕ್ರಾಫ್, ಅಷ್ಟು ಹೇಳಿದರೆ ಸಾಕು. ವಿಚಿತ್ರವೆಂದರೆ ಅವರ ಮಾತನ್ನು ಯುರೋಪಿನವರೇ ನಂಬಲಿಲ್ಲ. ಭೂಮಧ್ಯರೇಖೆಯ ಮೇಲೆ ಹಿಮವೇ? ಲಂಡನ್ನಿನಲ್ಲಿ ಕೂತಿದ್ದ ಭೂಗೋಳ ಪಂಡಿತ ಡೆಸ್‌ಬರೋ ಕೂಲಿ, ಆಫ್ರಿಕಕ್ಕೆ ಕಾಲಿಡದೆಯೇ, ಈ ಪಾದ್ರಿಗಳು ಕಂಡದ್ದು ಭ್ರಮೆ ಎಂದು ತಳ್ಳಿಹಾಕಿದರು. ಕಿಲಿಮಂಜಾರೋದ ಹಿಮ 1860ರ ದಶಕದ ಆರಂಭದಲ್ಲಿ ಖಚಿತವಾಯಿತು. ಕೀನ್ಯಾ ಪರ್ವತವನ್ನು ಜೋಸೆಫ್ ಥಾಮ್ಸನ್ ನೋಡಿ ಬರೆದದ್ದು 1883ರಲ್ಲಿ. ಅಷ್ಟು ಹೊತ್ತಿಗೆ ಕ್ರಾಫ್ ಇರಲಿಲ್ಲ.

1851ರ ಎರಡನೆಯ ಉಕಂಬಾನಿ ಪ್ರಯಾಣ ಪ್ರಾಣಕ್ಕೇ ಬಂತು. ತಾನಾ ನದಿಯ ಹತ್ತಿರ ದರೋಡೆಕೋರರು ದಾಳಿ ಮಾಡಿ ಕಿವೋಯಿಯನ್ನು ಕೊಂದರು. ಜೊತೆಗಾರರು ಚೆದುರಿದರು. ಕ್ರಾಫ್ ಒಬ್ಬರೇ ಕಾಡಿನಲ್ಲಿ ಉಳಿದರು. ನದಿಯ ನೀರನ್ನು ಹೊತ್ತೊಯ್ಯಲು ಪಾತ್ರೆಯಿಲ್ಲದೆ ದೂರದರ್ಶಕದ ಚರ್ಮದ ಚೀಲದಲ್ಲೂ ಬಂದೂಕಿನ ನಳಿಗೆಯಲ್ಲೂ ನೀರು ತುಂಬಿಕೊಂಡು, ಹಗಲು ಅಡಗಿ ರಾತ್ರಿ ನಡೆದು, ಹಸಿವಿನಿಂದ ಸಾಯುವಂತಾಗಿ ಹೇಗೋ ಜನವಸತಿ ಸೇರಿದರು. ರಬಾಯಿಗೆ ಮರಳಿದಾಗ, ಅವರು ಸತ್ತರೆಂಬ ಸುದ್ದಿ ಅವರಿಗಿಂತ ಮೊದಲೇ ತಲುಪಿತ್ತು.

ಕೊನೆಯ ವರ್ಷಗಳು

1853ರಲ್ಲಿ ಆರೋಗ್ಯ ಪೂರ್ತಿ ಕೆಟ್ಟು ಕ್ರಾಫ್ ಜರ್ಮನಿಗೆ ಮರಳಿ, ಸ್ಟುಟ್‌ಗಾರ್ಟ್ ಬಳಿಯ ಕೊರ್ನ್‌ಟಾಲ್‌ನಲ್ಲಿ ನೆಲೆಸಿದರು. 1856ರಲ್ಲಿ ಮರುಮದುವೆಯಾಯಿತು. 1858ರಲ್ಲಿ ತಮ್ಮ ಪ್ರವಾಸಗಳ ದೊಡ್ಡ ಗ್ರಂಥ ಪ್ರಕಟಿಸಿದರು, ಎರಡು ವರ್ಷದಲ್ಲಿ ಅದು ಇಂಗ್ಲಿಷಿಗೂ ಬಂತು. ಆಫ್ರಿಕದ ಸೆಳೆತ ಬಿಡಲಿಲ್ಲ. 1862ರ ಸುಮಾರಿಗೆ ಇಂಗ್ಲೆಂಡಿನ ಮೆಥಡಿಸ್ಟ್ ಪಾದ್ರಿಗಳನ್ನು ಕರೆತಂದು ರಿಬೆ ಎಂಬಲ್ಲಿ ನೆಲೆ ಹಾಕಿಕೊಟ್ಟು ಹೋದರು.

1867ರಲ್ಲಿ ಈ ಪಾದ್ರಿ ಸೈನ್ಯದ ಜೊತೆಗೂ ಹೊರಟರು. ಇಥಿಯೋಪಿಯಾದ ಚಕ್ರವರ್ತಿ ತೆವೊದ್ರೊಸ್ ಯುರೋಪಿಯನ್ನರನ್ನು ಸೆರೆಯಲ್ಲಿಟ್ಟಿದ್ದ. ಬಿಡಿಸಲು ಬ್ರಿಟಿಷರು ದಂಡು ಕಳಿಸಿದರು. ಈ ದಂಡು ಹೊರಟದ್ದು ನಮ್ಮ ಬೊಂಬಾಯಿಯಿಂದ, ಬೊಂಬಾಯಿ ಸೇನೆಯ ದಂಡನಾಯಕ ರಾಬರ್ಟ್ ನೇಪಿಯರ್ ಅವರ ಮುಂದಾಳ್ತನದಲ್ಲಿ, ಸಾವಿರಾರು ಭಾರತೀಯ ಸಿಪಾಯಿಗಳೊಡನೆ, ಆನೆಗಳೊಡನೆ. ಆ ದಂಡಿಗೆ ದುಭಾಷಿಯಾಗಿ ಐವತ್ತೇಳರ ಕ್ರಾಫ್ ಸೇರಿದರು. ಆರೋಗ್ಯ ಕೈಕೊಟ್ಟು, ಯುದ್ಧ ಮುಗಿಯುವ ಮೊದಲೇ ಮರಳಬೇಕಾಯಿತು.

ಆಮೇಲೆ ಉಳಿದದ್ದು ಮೇಜು, ಕಾಗದ, ಭಾಷೆ. ಅಮ್ಹಾರಿಕ್ ಬೈಬಲ್ ಪರಿಷ್ಕರಣೆ, ಒರೊಮೊ ಅನುವಾದ, ಮತ್ತು ಮೊಂಬಾಸಾದಲ್ಲಿ ಶುರುಮಾಡಿದ ಸ್ವಾಹಿಲಿ ನಿಘಂಟು. 1881ರ ನವೆಂಬರ್ 26ರ ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದವರು ಮತ್ತೆ ಏಳಲಿಲ್ಲ. ಹಾಸಿಗೆಯ ಪಕ್ಕ ಅದೇ ಭಂಗಿಯಲ್ಲಿ ಅವರನ್ನು ಕಂಡರು. ಮರುವರ್ಷ, 1882ರಲ್ಲಿ, ಅವರ ಸ್ವಾಹಿಲಿ ನಿಘಂಟು ಲಂಡನ್ನಿನಲ್ಲಿ ಅಚ್ಚಾಯಿತು. ಮೂವತ್ತೆಂಟು ವರ್ಷಗಳ ಹಿಂದೆ ಶುರುವಾದ ಕೆಲಸ. ಮುದ್ರಿತ ಪ್ರತಿಯನ್ನು ಕೈಯಲ್ಲಿ ಹಿಡಿಯುವ ಭಾಗ್ಯ ಅವರಿಗೆ ಸಿಗಲಿಲ್ಲ.

ಉಳಿದದ್ದೇನು?

ತಾವು ಬಂದ ಉದ್ದೇಶದ ಲೆಕ್ಕ ಹಾಕಿದರೆ ಕ್ರಾಫ್ ಅವರ ಕೈಗೆ ಹತ್ತಿದ್ದು ಬಹಳ ಕಡಿಮೆ. ಅವರಿದ್ದ ವರ್ಷಗಳಲ್ಲಿ ದೀಕ್ಷೆ ಪಡೆದವರನ್ನು ಬೆರಳಲ್ಲಿ ಎಣಿಸಬಹುದು. ಮೊದಲಿಗನಾದ ಮ್ರಿಂಗೆ ಎಂಬಾತ ಅಂಗವಿಕಲ, ಕಾಯಿಲೆಯವ. ದೀಕ್ಷೆಯ ನಂತರ ಹೆಚ್ಚು ಕಾಲ ಬದುಕಲಿಲ್ಲ. ಆಫ್ರಿಕದ ಪೂರ್ವದಿಂದ ಪಶ್ಚಿಮ ತೀರದವರೆಗೆ ಮಿಷನ್ ಕೇಂದ್ರಗಳ ಸರಪಳಿ ಕಟ್ಟುವ ಅವರ ಕನಸು ಕನಸಾಗಿಯೇ ಉಳಿಯಿತು. ಸ್ಥಳೀಯರ ನಂಬಿಕೆಗಳ ಬಗ್ಗೆ, ಇಸ್ಲಾಮಿನ ಬಗ್ಗೆ ಅವರು ಬರೆದ ಅನೇಕ ಮಾತುಗಳು ಇಂದು ಓದಿದರೆ ಒರಟಾಗಿ ಕಾಣುತ್ತವೆ. ಅವರಂಥವರು ಬರೆದ ಭೂಪಟಗಳನ್ನು ಹಿಡಿದು ಹಿಂದೆಯೇ ಸಾಮ್ರಾಜ್ಯದವರು ಬಂದರೆಂಬುದೂ ನಿಜ. ಸ್ವಾಹಿಲಿಯ ಶಿಷ್ಟರೂಪವನ್ನು ನಿಶ್ಚಯಿಸುವಾಗಲೂ ಕ್ರಾಫ್ ದಾಖಲಿಸಿದ ಮೊಂಬಾಸಾದ ಮಾತಿಗೆ ಬದಲು ಜಾಂಜಿಬಾರಿನ ಮಾತನ್ನು ಆಧಾರವಾಗಿ ಆರಿಸಿಕೊಂಡರು.

ಆದರೆ ಅದೇ ಕಾರಣಕ್ಕೆ ಅವರ ನಿಘಂಟಿಗೆ ಇಂದು ಬೇರೊಂದು ಬೆಲೆ ಬಂದಿದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮೊಂಬಾಸಾದ ಜನ ಹೇಗೆ ಮಾತಾಡುತ್ತಿದ್ದರು ಎಂದು ತಿಳಿಯಬೇಕಾದರೆ ವಿದ್ವಾಂಸರು ಹೋಗುವುದು ಆ ಪುಸ್ತಕಕ್ಕೆ. ನಮ್ಮ ಹಳ್ಳಿಗಳಲ್ಲಿ ಮರೆತುಹೋದ ಒಂದು ಪದ ಕಿಟ್ಟೆಲ್ ಕೋಶದಲ್ಲಿ ಸಿಕ್ಕಾಗ ನಮಗೆ ಆಗುವ ಸಂತೋಷ ಇಲ್ಲಿಯವರಿಗೂ ಆಗುತ್ತದೆ. ಎರಡೂ ಪುಸ್ತಕಗಳು ಈಗ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ರಬಾಯಿಯೂ ಬೆಳೆಯಿತು. ಗುಲಾಮರ ಹಡಗುಗಳಿಂದ ಬಿಡುಗಡೆಯಾಗಿ ನಮ್ಮ ನಾಸಿಕದ ಮಿಷನ್ ಶಾಲೆಯಲ್ಲಿ ಬೆಳೆದ ಆಫ್ರಿಕನ್ ಯುವಕರು, ವಿಲಿಯಂ ಜೋನ್ಸ್, ಇಷ್ಮಾಯೆಲ್ ಸೆಮ್ಲರ್, ಜಾರ್ಜ್ ಡೇವಿಡ್, 1864ರಲ್ಲಿ ಅಲ್ಲಿಗೆ ಬಂದು ರೆಬ್ಮನ್ ಅವರ ಕೆಲಸಕ್ಕೆ ಹೆಗಲು ಕೊಟ್ಟರು. ಇವರನ್ನು ಇಲ್ಲಿ ಬಾಂಬೆ ಆಫ್ರಿಕನ್ನರು ಎಂದೇ ಕರೆಯುತ್ತಾರೆ. ಮುಂದೆ ರಬಾಯಿ ಓಡಿಬಂದ ಗುಲಾಮರಿಗೆ ಆಶ್ರಯ ಕೊಟ್ಟ ಊರಾಯಿತು. ರೆಬ್ಮನ್ ಇಪ್ಪತ್ತೊಂಬತ್ತು ವರ್ಷ ಅಲ್ಲೇ ಇದ್ದು, ಎರಡೂ ಕಣ್ಣು ಕಳೆದುಕೊಂಡು 1875ರಲ್ಲಿ ಊರಿಗೆ ಮರಳಿದರು. ಮರುವರ್ಷ ಕೊರ್ನ್‌ಟಾಲ್‌ನಲ್ಲಿ ತೀರಿಕೊಂಡರು.

ನಾವು ಈ ದೇಶಕ್ಕೆ ಬಂದದ್ದು ಬೇರೆ ಕಾರಣಕ್ಕೆ, ಬೇರೆ ಕಾಲದಲ್ಲಿ. ನೌಕರಿ, ವ್ಯಾಪಾರ, ಮಕ್ಕಳ ಓದು ಎಂದು ಬಂದವರು. ವಿಮಾನ ಹತ್ತಿದರೆ ಒಂದೇ ದಿನದಲ್ಲಿ ಊರು ಸೇರುತ್ತೇವೆ, ಜ್ವರ ಬಂದರೆ ಗಂಟೆಯೊಳಗೆ ರಕ್ತಪರೀಕ್ಷೆ ಆಗುತ್ತದೆ. ಹಾಗಿದ್ದೂ ಎಷ್ಟೋ ಮನೆಗಳಲ್ಲಿ ಹತ್ತು ವರ್ಷವಾದರೂ ಸ್ವಾಹಿಲಿ ‘ಜಂಬೋ’, ‘ಅಸಾಂತೆ’ಗಳನ್ನು ದಾಟುವುದಿಲ್ಲ. ಅದರ ಜೊತೆಗೆ ಮಕ್ಕಳ ಕನ್ನಡವೂ ‘ಊಟ ಆಯ್ತಾ’ ಎಂಬಲ್ಲಿಗೆ ನಿಲ್ಲುತ್ತಿದೆ. ಒಂದು ನಾಡಿನಲ್ಲಿ ನೆಲೆಸುವುದೆಂದರೆ ಅಲ್ಲಿನ ಜನರ ಮಾತನ್ನು ಗಮನವಿಟ್ಟು ಕೇಳುವುದು ಎಂದು ಕ್ರಾಫ್ ನಂಬಿದ್ದರು. ಮಡದಿ ಮಕ್ಕಳನ್ನು ಈ ಮಣ್ಣಿಗೆ ಕೊಟ್ಟ ಮೇಲೂ ಅವರು ಕೇಳುವುದನ್ನು ಬಿಡಲಿಲ್ಲ.

ಮುಂದಿನ ರಜೆಯಲ್ಲಿ ಮೊಂಬಾಸಾಕ್ಕೆ ರೈಲಿನಲ್ಲಿ ಹೋಗುವ ಕುಟುಂಬಗಳು ಸಮುದ್ರತೀರದ ಜೊತೆಗೆ ಅರ್ಧ ದಿನವನ್ನು ಇದಕ್ಕೆ ಇಟ್ಟುಕೊಳ್ಳಬಹುದು. ಮಾಜೆರಾಸ್ ಹತ್ತಿರದ ರಬಾಯಿಯಲ್ಲಿ ಹಳೆಯ ಚರ್ಚು, ಮಿಷನರಿಗಳ ಮನೆಗಳು, ಕೀನ್ಯಾ ರಾಷ್ಟ್ರೀಯ ವಸ್ತುಸಂಗ್ರಹಾಲಯದವರು 1994ರಲ್ಲಿ ತೆರೆದ ಸಣ್ಣ ಮ್ಯೂಸಿಯಂ ಇವೆ. ನ್ಯಾಲಿಯಲ್ಲಿ ರೋಸಿನಾ ಮತ್ತು ಕೂಸಿನ ಸಮಾಧಿಯಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಸ್ವಾಹಿಲಿಯ ಕಥೆ ಹೇಳುವಾಗ ಕಿಟ್ಟೆಲ್ ಅವರ ಕಥೆಯನ್ನೂ ಸೇರಿಸಿ ಹೇಳಿ. ಇನ್ನು ನೈರೋಬಿಯಲ್ಲೇ ಇರುವವರು, ಮಳೆ ಬಿಟ್ಟ ದಿನ ಬೆಳಿಗ್ಗೆ ಬೇಗ ಎದ್ದು ಎತ್ತರದ ಕಟ್ಟಡದಿಂದ ಉತ್ತರಕ್ಕೆ ನೋಡಿ. ಮೋಡವಿಲ್ಲದಿದ್ದರೆ ಕೀನ್ಯಾ ಪರ್ವತ ಕಾಣುತ್ತದೆ. ಅದರ ಹಿಮ ಈಗ ಕರಗಿ ಸ್ವಲ್ಪವೇ ಉಳಿದಿದೆ. ಅದೂ ಹೋಗುವ ಮೊದಲು ಮಕ್ಕಳಿಗೆ ತೋರಿಸಿ.